ಆಯಿಯ ಬುಟ್ಟಿ, ನನ್ನ ಪ್ರೊಸೆಸರ್

ಎಂಟು ತಿಂಗಳು ನನ್ನ ಆಯಿಯ ಬುಟ್ಟಿ ಹೊನ್ನಾವರದ ಮೀನು ಪೇಟೆಯಲ್ಲಿ ಕವುಚಿ ಬಿದ್ದಿತ್ತು. ಯಾರೋ ಎಸೆದು ಹೋದದ್ದಲ್ಲ. ಅಲ್ಲಿ ಮೀನು ಮಾರುವ ಹೆಂಗಸರಲ್ಲಿ ಒಂದು ಕಟ್ಟಳೆ ಇದೆ. ಒಬ್ಬಳು ಜ್ವರ ಅಂತಲೋ, ಮನೆಯಲ್ಲಿ ಸಾವು ಅಂತಲೋ ಬರದಿದ್ದರೆ ಅವಳ ಬುಟ್ಟಿಯನ್ನು ಅವಳ ಜಾಗದ ಮೇಲೆ ಕವುಚಿ ಹಾಕುತ್ತಾರೆ. ಆಮೇಲೆ ಅಲ್ಲಿ ಯಾರೂ ಕೂರುವುದಿಲ್ಲ. ಹೊರಗೆ ಕೂತವರ ತಲೆಯ ಮೇಲೆ ಮಳೆ ಸುರಿಯುತ್ತಿದ್ದರೂ ಒಳಗೆ ಆ ಒಂದು ಜಾಗ ಖಾಲಿಯೇ ಇರುತ್ತದೆ. ಬುಟ್ಟಿ ಎತ್ತುವ ಹಕ್ಕು ಅವಳದು, ಇಲ್ಲವೇ ಅವಳ ಮಗಳದೋ ಸೊಸೆಯದೋ. ಆಯಿಗೆ ಸೊಸೆ ಇಲ್ಲ. ಇರುವವಳು ನಾನೊಬ್ಬಳೇ ಮಗಳು, ಒಂದು ಬಂಗಡೆ ನೆಟ್ಟಗೆ ಕೊಯ್ಯಲು ಬಾರದವಳು, ಕುಮಟಾದ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು.

ಆ ಬುಟ್ಟಿ ಎತ್ತಲು ನನಗೇಕೆ ಎಂಟು ತಿಂಗಳು ಹಿಡಿಯಿತು ಅಂತ ಹೇಳಬೇಕಾದರೆ ಮೊದಲು ಒಂದು ಯಂತ್ರದ ವಿಷಯ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ, ಹೆಚ್ಚು ಕೊರೆಯುವುದಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಒಂದು ಹಳೆಯ ಯುನಿಕ್ಸ್ ಸರ್ವರ್ ಇದೆ. ಮುಂಬೈಯ ಯಾವುದೋ ಕಚೇರಿ ಸಾಕಾಯಿತೆಂದು ಬಿಟ್ಟದ್ದನ್ನು ನಮ್ಮವರು ತಂದರು. ಲ್ಯಾಬಿನ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಅದರೊಳಗೆ ಅದು, ಒಂದು ಏಸಿ ಮತ್ತು ನಾನು. ರೋಗಿಗಳ ಹೆಸರು ಬರೆದುಕೊಂಡು ಚೀಟಿ ಕೊಡುವ ಪ್ರೋಗ್ರಾಂ, ಲ್ಯಾಬಿನ ರಿಪೋರ್ಟ್ ಮಾಡುವ ಪ್ರೋಗ್ರಾಂ, ಸ್ಕ್ಯಾನ್ ಚಿತ್ರಗಳನ್ನು ಕುಗ್ಗಿಸಿ ಜೋಡಿಸಿಡುವ ಪ್ರೋಗ್ರಾಂ, ಮೂರೂ ಅದರ ಮೇಲೇ ಓಡುತ್ತವೆ. ಈಗಿನ ಕಾಲದಲ್ಲಿ ಇದನ್ನು ಯಾರು ಇಟ್ಟುಕೊಳ್ಳುತ್ತಾರೆ ಅಂತ ನೀವು ಕೇಳಬಹುದು. ಪ್ರೋಗ್ರಾಂ ಬರೆದುಕೊಟ್ಟವರು ಎಲ್ಲಿಗೋ ಹೋದರು, ಹೊಸದು ಬರೆಸುವ ಮಾತು ಪ್ರತಿ ವರ್ಷ ಮೀಟಿಂಗಿನಲ್ಲಿ ಚಹಾದ ಜೊತೆ ಬಂದು ಚಹಾದ ಜೊತೆಗೇ ಹೋಗುತ್ತದೆ.

ಆ ಸರ್ವರಿನಲ್ಲಿ ನಾಲ್ಕು ಪ್ರೊಸೆಸರ್‌ಗಳು. ನಾಲ್ಕು ಕೆಲಸದಾಳು ಅಂತಿಟ್ಟುಕೊಳ್ಳಿ, ಸೊನ್ನೆಯಿಂದ ಮೂರರವರೆಗೆ ನಂಬರು ಹಾಕಿದ್ದು. ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಯಾವ ಪ್ರೊಸೆಸರ್ ಬಿಡುವಾಗಿದೆಯೋ ಅದರ ಮುಂದೆ ಮುಂದಿನ ಕೆಲಸ ತಂದಿಡುತ್ತದೆ. ಈಗ ಸೊನ್ನೆಯದು, ಮರುಕ್ಷಣ ಎರಡನೆಯದು, ಹೀಗೆ ಕೆಲಸಗಳು ಜಾಗ ಬದಲಿಸುತ್ತ ಇರುತ್ತವೆ. ಬೇಕಿದ್ದರೆ ನಾವು ಒಂದು ಕೆಲಸವನ್ನು ಒಂದು ಪ್ರೊಸೆಸರಿಗೆ ಕಟ್ಟಿಹಾಕಬಹುದು. ನೀನು ಇಲ್ಲಿಯೇ ಕೂರು, ಬೇರೆ ಕಡೆ ಹೋಗಬೇಡ ಅಂತ. ಇನ್ನೂ ಬೇಕಿದ್ದರೆ ಆ ಪ್ರೊಸೆಸರಿಗೆ ಬೇಲಿ ಹಾಕಬಹುದು. ಇದು ಇವನದು, ಬೇರೆಯವರು ಇತ್ತ ಬರಕೂಡದು ಅಂತ. ಕಟ್ಟುವುದು ಬೇರೆ, ಬೇಲಿ ಹಾಕುವುದು ಬೇರೆ. ಈ ಎರಡರ ಅಂತರ ನನಗೆ ಪುಸ್ತಕದಿಂದ ಮಾತ್ರ ಗೊತ್ತಿತ್ತು.

ನಾಲ್ಕು ವರ್ಷದ ಹಿಂದೆ ಲ್ಯಾಬಿನ ಡಾಕ್ಟರು ದಿನಾ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಿಗೆ ಬಂದು ಕೂಗುತ್ತಿದ್ದರು. ಸ್ಕ್ಯಾನ್ ಚಿತ್ರಗಳು ಶುರುವಾದರೆ ಲ್ಯಾಬ್ ರಿಪೋರ್ಟ್ ಹೊರಗೆ ಬರುತ್ತಿರಲಿಲ್ಲ, ಐಸಿಯುದವರು ಕಾಯುತ್ತಿದ್ದರು. ಅವರು ಕೂಗುವುದರಲ್ಲಿ ತಪ್ಪಿರಲಿಲ್ಲ. ಆದರೆ ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ಭಾನುವಾರ ಮನೆಯಲ್ಲಿ ಈ ತಾಪತ್ರಯ ಹೇಳಿಕೊಂಡು ಹಲ್ಲು ಕಡಿಯುತ್ತಿದ್ದಾಗ, ತಾರ್ಲೆ ಮೀನು ಹೆರೆಯುತ್ತ ಕೂತಿದ್ದ ಆಯಿ ತಲೆ ಎತ್ತದೆ ಕೇಳಿದಳು.

"ಅವ್ಕೆ ಅವ್ರವ್ರ ಜಾಗ ಇಲ್ವನೆ?"

"ಇಲ್ಲ ಆಯಿ. ಯಾವ್ದು ಖಾಲಿ ಇದ್ರೆ ಅಲ್ಲಿ ಕೂರೂದು."

"ಹಂಗಾರೆ ಜಗಳ ಆಗ್ದೆ ಎಂತ ಆತದೆ? ಜಾಗ ಅಂದ್ರೆ ಒಬ್ರಿಗೆ ಒಂದು. ಬಿಟ್ಟು ಎದ್ದೋದ್ರೂ ಅದು ಅವ್ರದೇ."

ಆಯಿ ಶಾಲೆಗೆ ಹೋದವಳಲ್ಲ, ಆದರೆ ಅವಳು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಒಂದೇ ಪ್ರೊಸೆಸರಿನ ಮೇಲೆ ಒಂದು ಕೆಲಸ ಮತ್ತೆ ಮತ್ತೆ ಕೂತರೆ ಅದಕ್ಕೆ ಬೇಕಾದದ್ದೆಲ್ಲ ಕೈಗೆಟಕುವಲ್ಲೇ ಇರುತ್ತದೆ, ಹುಡುಕಾಟ ಕಡಿಮೆ. ಆಯಿಯ ಜಾಗವೂ ಹಾಗೇ. ಮಾರುಕಟ್ಟೆಯ ಒಳಗೆ ಮೂರನೇ ಕಂಬದ ಬುಡ. ಎಡಕ್ಕೆ ನೀರಿನ ಕೊಡ, ಬಲಕ್ಕೆ ಮೀನು ಕೊಯ್ಯುವ ಮೆಟ್ಟುಕತ್ತಿ, ಹಿಂದೆ ಕಂಬಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲಗಳ ಗೊಂಚಲು. ಕಣ್ಣು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದಳು. ಗಿರಾಕಿಗಳೂ ಅವಳ ಮುಖ ನೋಡಿ ಬರುತ್ತಿರಲಿಲ್ಲ, ಅವರ ಕಾಲುಗಳೇ ಮೂರನೇ ಕಂಬಕ್ಕೆ ಬರುತ್ತಿದ್ದವು. ಆ ಜಾಗ ಅವಳಿಗೆ ಅವಳ ಅತ್ತೆಯಿಂದ ಬಂದದ್ದು.

ಮರುದಿನ ನಾನು ಲ್ಯಾಬಿನ ಕೆಲಸವನ್ನು ಎರಡು ಮತ್ತು ಮೂರನೇ ಪ್ರೊಸೆಸರಿಗೆ ಕಟ್ಟಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ನಾನು ಮೀನು ಪೇಟೆಯ ಹೆಣ್ಣು. ಬೇಲಿಯನ್ನೂ ಹಾಕಿದೆ. ನೋಂದಣಿ ಮತ್ತು ಸ್ಕ್ಯಾನ್ ಎರಡೂ ಉಳಿದೆರಡು ಪ್ರೊಸೆಸರಿನಲ್ಲಿ ಹೊಂದಿಕೊಳ್ಳಲಿ, ಈ ಎರಡು ಖಾಲಿ ಇದ್ದರೂ ಇತ್ತ ತಲೆ ಹಾಕಬಾರದು ಅಂತ. ರಿಪೋರ್ಟ್ ನೀರು ಹರಿದ ಹಾಗೆ ಹರಿಯಿತು. ಡಾಕ್ಟರು ಕೂಗುವುದನ್ನು ಬಿಟ್ಟರು, ದೀಪಾವಳಿಗೆ ನನಗೊಂದು ಸಿಹಿಯ ಡಬ್ಬ ಬಂತು. ಸಂಜೆ ಬಸ್ಸಿಳಿದು ಡಬ್ಬವನ್ನು ಆಯಿಯ ಕೈಗೆ ಕೊಟ್ಟು, "ನಿನ್ನ ಬುದ್ಧಿಗೆ ಬಂದದ್ದು" ಅಂದೆ. ಅವಳು ಅದನ್ನು ಪೇಟೆಗೆ ಒಯ್ದು ಎಲ್ಲರಿಗೂ ಹಂಚಿದಳು, ಮಗಳು ಮಷಿನಿಗೆ ಜಾಗ ಹಂಚಿಕೊಟ್ಟಳು ಅಂತ ಹೇಳಿಕೊಂಡು.

ಎರಡು ವರ್ಷ ಕಳೆದ ಮೇಲೆ ಲ್ಯಾಬಿಗೆ ಹೊಸ ಯಂತ್ರ ಬಂತು. ಅದರ ಜೊತೆ ಅದರದೇ ಕಂಪ್ಯೂಟರ್. ರಿಪೋರ್ಟ್ ಕೆಲಸ ಪೂರ್ತಿ ಅಲ್ಲಿಗೆ ಹೋಯಿತು. ನನ್ನ ಸರ್ವರಿನ ಎರಡು ಪ್ರೊಸೆಸರ್‌ಗಳ ಮೇಲೆ ಕೂರುವವರು ಯಾರೂ ಉಳಿಯಲಿಲ್ಲ. ಬೇಲಿ ಮಾತ್ರ ಹಾಗೇ ಉಳಿಯಿತು. ತೆಗೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದೆರಡು ಸಲ ಹೊಳೆದಿತ್ತು. ಹೊಸ ಯಂತ್ರ ಕೈಕೊಟ್ಟರೆ ಲ್ಯಾಬಿನವರು ಮತ್ತೆ ಇಲ್ಲಿಗೇ ಬರಬೇಕಲ್ಲ, ಇರಲಿ ಅವರ ಜಾಗ, ಅಂದುಕೊಂಡೆ. ಬಿಟ್ಟು ಎದ್ದುಹೋದರೂ ಅದು ಅವರದೇ.

ಕಳೆದ ವರ್ಷ ಮಳೆ ಬಿಟ್ಟ ಮೇಲಿನ ಒಂದು ಸೋಮವಾರ. ಸೋಮವಾರ ನಮ್ಮಲ್ಲಿ ಯಾವಾಗಲೂ ಜನರ ಗರ್ದಿ. ಅಂದು ಸ್ಕ್ಯಾನ್ ಚಿತ್ರಗಳೂ ರಾಶಿ ಬಿದ್ದಿದ್ದವು. ಹತ್ತು ಗಂಟೆಯ ಸುಮಾರಿಗೆ ನೋಂದಣಿ ಕೌಂಟರಿನಿಂದ ಫೋನ್ ಬಂತು. ಅಲ್ಲಿ ಕೂರುವ ಹೆಂಗಸು ನನಗಿಂತ ಹಿರಿಯಳು, ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ.

"ಒಂದು ಚೀಟಿ ಬರೂಕೆ ಐದು ನಿಮಿಷ ಆಗ್ತಾ ಇದೆ. ಜನ ಗೇಟಿನವರೆಗೆ ನಿಂತಾರೆ. ಎಂತ ಆತು ನೋಡಿ."

ನಾನು ಪರದೆ ನೋಡಿದೆ. ಯಂತ್ರದ ಒಟ್ಟು ಕೆಲಸ ಎಷ್ಟು ಅಂತ ತೋರಿಸುವ ಒಂದು ಅಂಕೆ ಇರುತ್ತದೆ. ಅದು ಅರ್ಧ ಅಂತ ತೋರಿಸುತ್ತಿತ್ತು. ಅರ್ಧ ಸರ್ವರ್ ಕೈ ಕಟ್ಟಿಕೊಂಡು ಕೂತಿದೆ, ಅಂದ ಮೇಲೆ ತೊಂದರೆ ನನ್ನದಲ್ಲ. ಅಪಾಯದ ಗಂಟೆಯೂ ಹೊಡೆದಿರಲಿಲ್ಲ. ಅದು ಹೊಡೆಯುವುದು ನೂರರ ಹತ್ತಿರ ಹೋದಾಗ.

"ಸರ್ವರ್ ಸರಿಯಾಗೇ ಇದೆ, ಅರ್ಧ ಖಾಲಿ ಇದೆ," ಅಂದೆ. "ವೈರಿನ ತೊಂದ್ರೆ ಇರ್ಬೇಕು, ಹುಡುಗ್ರಿಗೆ ಹೇಳ್ತೆ. ಅಲ್ಲಿವರೆಗೆ ಪಾಳಿ ಮೇಲೆ ನಿಲ್ಲಿಸಿ, ನುಗ್ಗೂಕೆ ಬಿಡಬೇಡಿ."

ಆ ಅರ್ಧ ಯಾವ ಅರ್ಧ ಅಂತ ನಾನು ನೋಡಲಿಲ್ಲ. ಕೀಲಿಮಣೆಯ ಒಂದು ಗುಂಡಿ ಒತ್ತಿದ್ದರೆ ನಾಲ್ಕೂ ಪ್ರೊಸೆಸರ್ ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಆ ಸಾಲಿನಲ್ಲಿ ಆಯಿ ನಿಂತಿದ್ದಳು.

ಇದು ನನಗೆ ಆಮೇಲೆ ಗೊತ್ತಾದದ್ದು, ಅವಳ ಜೊತೆ ಬಂದಿದ್ದ ಹೆಂಗಸಿನಿಂದ. ಪೇಟೆಯಲ್ಲಿ ಆಯಿಯ ಪಕ್ಕದ ಜಾಗದವಳು, ನಾನು ಚಿಕ್ಕಿ ಅಂತ ಕರೆಯುವುದು. ಬೆಳಿಗ್ಗೆ ಮೀನು ಕೊಯ್ಯುವಾಗ ಆಯಿಯ ಬಲಗೈಯಿಂದ ಬಂಗಡೆ ಎರಡು ಸಲ ಜಾರಿ ಬಿತ್ತಂತೆ. ಕೈ ಜೋಮು ಹಿಡಿದಿದೆ ಅಂದಳಂತೆ. ಮೂರನೇ ಸಲ ಬಿದ್ದಾಗ ಚಿಕ್ಕಿ ಹಟ ಹಿಡಿದು, ಬುಟ್ಟಿಯನ್ನು ಕವುಚಿ ಹಾಕಿಸಿ, ಕುಮಟಾದ ಬಸ್ಸು ಹತ್ತಿಸಿದಳು. ಮಗಳಿರುವ ಆಸ್ಪತ್ರೆಗೇ ಹೋಗುವ ಅಂತ. ಅಲ್ಲಿ ಬಂದು ನೋಡಿದರೆ ಸಾಲು. ಕೈ ಜೋಮು ಅಂದವಳನ್ನು ತುರ್ತು ಅಂತ ಯಾರು ಒಳಗೆ ಬಿಡುತ್ತಾರೆ? ಚಿಕ್ಕಿ ನನ್ನನ್ನು ಕರೆಯಲು ಹೊರಟಳಂತೆ. ಆಯಿ ಸೆರಗು ಹಿಡಿದು ಎಳೆದಳು.

"ಬೇಡ. ಅವ್ಳ ಕೆಲ್ಸದ ಹೊತ್ತು. ಪಾಳಿ ಬತ್ತದೆ."

ಮತ್ತೆ ಸ್ವಲ್ಪ ಹೊತ್ತಿಗೆ ಆಯಿಯ ಮಾತು ತೊದಲಿತು. ಚಿಕ್ಕಿ ಮತ್ತೆ ಹೊರಟಳು. ಆಯಿ ಮತ್ತೆ ತಡೆದಳು. ಪಾಳಿ ಅಂದಳು, ಅಷ್ಟೇ. ಮುಕ್ಕಾಲು ಗಂಟೆ ನಿಂತಿದ್ದಳು. ಅವಳ ಮುಂದೆ ಇನ್ನು ನಾಲ್ಕು ಜನ ಇದ್ದಾಗ ಬಲಗಾಲು ಮಡಚಿಕೊಂಡು ಬಿದ್ದಳು. ಕೌಂಟರಿನ ಹೆಂಗಸು ನನಗೆ ಮತ್ತೆ ಫೋನ್ ಮಾಡಿದಾಗ ನಾನು ಮತ್ತೆ ಸರ್ವರ್ ಅಂತಲೇ ತಿಳಿದು ರೇಗಿದೆ. "ನಿಮ್ಮ ಆಯಿ ಅಲ್ವ ಇವ್ರು?" ಅಂತ ಅವಳು ಕೇಳಿದಳು.

ಲಕ್ವ. ನಮ್ಮಲ್ಲಿ ಆಗುವುದಿಲ್ಲ ಅಂತ ಹೇಳಿ ಆಂಬುಲೆನ್ಸಿಗೆ ಹಾಕಿದರು. ದೊಡ್ಡ ಕಾಯಿಲೆ ಬಂದರೆ ನಮ್ಮ ಕಡೆಯವರಿಗೆ ಇರುವುದು ದಕ್ಷಿಣದ ಹಾದಿ ಒಂದೇ. ಹೊನ್ನಾವರದಲ್ಲಿ ನಮ್ಮ ಮನೆಗೆ ತಿರುಗುವ ರಸ್ತೆ ಕಿಟಕಿಯಲ್ಲಿ ಬಂದು ಹಿಂದೆ ಹೋಯಿತು. ಆಮೇಲೆ ಶರಾವತಿಯ ಸೇತುವೆ, ಮಾವಳ್ಳಿಯ ಕಡೆ ತಿರುಗುವ ದಾರಿ, ಶಿರಾಲಿ, ಭಟ್ಕಳ. ಭಟ್ಕಳದಲ್ಲಿ ಹೆದ್ದಾರಿಯ ಕೆಲಸ ನಡೆಯುತ್ತಿತ್ತು, ಅಲ್ಲಿ ಹತ್ತು ನಿಮಿಷ ನಿಂತೆವು. ಆಯಿಯ ಕಣ್ಣು ತೆರೆದೇ ಇತ್ತು. ನಾನು ಅವಳ ಬಲಗೈ ಹಿಡಿದುಕೊಂಡಿದ್ದೆ, ಅದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಅರಿಯುವಷ್ಟೂ ಬುದ್ಧಿ ನನಗೆ ಇರಲಿಲ್ಲ.

ಕೊನೆಗೆ ತಲುಪಿದ ದೊಡ್ಡ ಆಸ್ಪತ್ರೆಯ ವೈದ್ಯರು ಕೈ ಜೋಮು ಶುರುವಾದದ್ದು ಎಷ್ಟು ಗಂಟೆಗೆ ಅಂತ ಕೇಳಿದರು. ಬೇಗ ಬಂದಿದ್ದರೆ ಒಂದು ಇಂಜೆಕ್ಷನ್ ಇತ್ತು ಅಂದರು. ಎಷ್ಟು ಬೇಗ ಸರ್, ಮುಕ್ಕಾಲು ಗಂಟೆ ಮೊದಲು ಬಂದಿದ್ದರೆ ಸಾಕಿತ್ತಾ, ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, "ಅದನ್ನೆಲ್ಲ ಹಾಗೆ ಹೇಳಲಿಕ್ಕೆ ಬರುವುದಿಲ್ಲ ಅಮ್ಮ" ಅಂದರು. ಒಳ್ಳೆಯ ಮನುಷ್ಯ. ಆದರೆ ಸಾಲುತ್ತಿರಲಿಲ್ಲ ಅಂತ ಅವರು ಹೇಳಲಿಲ್ಲ, ನಾನು ಗಮನಿಸಿದ್ದೇನೆ.

ಹದಿನೈದು ದಿನ ಬಿಟ್ಟು ಕೆಲಸಕ್ಕೆ ಹೋದೆ. ಮೊದಲು ಮಾಡಿದ ಕೆಲಸ ಅಂದಿನ ಲೆಕ್ಕ ತೆರೆದದ್ದು. ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಸೊನ್ನೆ ಮತ್ತು ಒಂದನೇ ಪ್ರೊಸೆಸರ್ ಬೆಳಿಗ್ಗೆ ಒಂಬತ್ತೂವರೆಯಿಂದ ಉಸಿರು ಬಿಡದೆ ದುಡಿದಿದ್ದವು. ಎರಡು ಮತ್ತು ಮೂರನೆಯದರ ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಆಯಿ ಸಾಲಿನಲ್ಲಿ ನಿಂತಿದ್ದ ಅಷ್ಟೂ ಹೊತ್ತು ಅವು ಖಾಲಿ ಕೂತಿದ್ದವು, ನಾನು ಹಾಕಿದ ಬೇಲಿಯ ಒಳಗೆ, ಎಂದೋ ಎದ್ದುಹೋದವರ ಹೆಸರಿನಲ್ಲಿ. ಬೇಲಿ ತೆಗೆಯಲು ಒಂದು ಸಾಲು ಬರೆದರೆ ಸಾಕು. ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸಗಳು ನಾಲ್ಕೂ ಕಡೆ ಹರಡಿಕೊಂಡವು. ಅಂದಿನಿಂದ ಚೀಟಿ ಪಟಪಟನೆ ಬರುತ್ತಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಬಾಗಿಲು ತೆಗೆದೆ, ಅಷ್ಟೇ ವ್ಯತ್ಯಾಸ.

ಮ್ಯಾನೇಜರರ ಬಳಿ ಹೋಗಿ ಎಲ್ಲ ಹೇಳಿದೆ. ಬಯ್ಯಲಿ ಅಂತ ಹೋದದ್ದು. ಅವರು ಬಯ್ಯಲಿಲ್ಲ. "ಇದೆಲ್ಲ ಯಾರಿಗೆ ಅರ್ಥ ಆಗ್ತದೆ, ಬಿಡಿ. ಈಗ ಸರಿಯಾತಲ್ಲ," ಅಂದರು. ಅವರ ಮೇಲೆ ನನಗೆ ಬಂದಷ್ಟು ಸಿಟ್ಟು ಇಷ್ಟು ವರ್ಷದಲ್ಲಿ ಯಾರ ಮೇಲೂ ಬಂದಿಲ್ಲ. ಮನೆಗೆ ಬಂದು ಆಯಿಯ ಮುಂದೆ ಕೂತು ಅವಳಿಗೂ ಹೇಳಿದೆ. ಎರಡು ಜಾಗ ಖಾಲಿ ಇತ್ತು ಆಯಿ, ನಾನೇ ಬುಟ್ಟಿ ಕವುಚಿ ಹಾಕಿದ್ದೆ ಅಂತ, ಅವಳಿಗೆ ತಿಳಿಯುವ ಮಾತಿನಲ್ಲಿ. ಅವಳು ನನ್ನನ್ನೇ ನೋಡಿದಳು.

"ಪಾಳಿ," ಅಂದಳು.

ಆಯಿಯಲ್ಲಿ ಉಳಿದದ್ದು ಆ ಒಂದೇ ಶಬ್ದ. ಲಕ್ವ ಹೊಡೆದವರಲ್ಲಿ ಕೆಲವರಿಗೆ ಹೀಗಾಗುತ್ತದಂತೆ. ಎಲ್ಲ ಮಾತು ಹೋಗಿ, ಒಂದೇ ಒಂದು ಉಳಿದುಕೊಳ್ಳುತ್ತದೆ. ಅದಕ್ಕೆ ಅರ್ಥ ಹುಡುಕಬೇಡಿ ಅಂತ ವೈದ್ಯರು ಹೇಳಿದ್ದರು. ನೀರು ಬೇಕಾದರೂ ಪಾಳಿ, ಬಚ್ಚಲಿಗೆ ಹೋಗಬೇಕಾದರೂ ಪಾಳಿ. ಹುಡುಕಬೇಡಿ ಅಂದರೆ ಹುಡುಕದೆ ಇರಲು ನಾನೇನು ಯಂತ್ರವೇ? ದಿನಕ್ಕೆ ಇಪ್ಪತ್ತು ಸಲ ಅವಳು ಅದನ್ನು ಹೇಳುತ್ತಿದ್ದಳು, ಇಪ್ಪತ್ತು ಸಲವೂ ನಾನು ಫೋನಿನಲ್ಲಿ ಹೇಳಿದ ಮಾತು ನನಗೇ ಕೇಳುತ್ತಿತ್ತು.

ಈಗ ಬುಟ್ಟಿಯ ವಿಷಯ. ಚಿಕ್ಕಿ ತಿಂಗಳಿಗೊಮ್ಮೆ ಮನೆಗೆ ಬಂದು ಆಯಿಯ ತಲೆ ಬಾಚಿ ಹೋಗುತ್ತಿದ್ದಳು. ನಾಲ್ಕನೇ ತಿಂಗಳಿನಲ್ಲಿ ಹೊರಗೆ ಕರೆದು ಹೇಳಿದಳು. ಮಾವಳ್ಳಿಯಿಂದ ಮದುವೆಯಾಗಿ ಬಂದವಳು ಒಬ್ಬಳಿದ್ದಾಳೆ, ಅವಳ ಗಂಡ ದೋಣಿ ಮಗುಚಿ ತೀರಿಕೊಂಡ, ಈಗ ಮೀನು ಮಾರಲು ಬರುತ್ತಾಳೆ, ಜಾಗ ಇಲ್ಲದೆ ಹೊರಗೆ ಚರಂಡಿಯ ಬದಿಗೆ ಬಿಸಿಲಲ್ಲಿ ಕೂರುತ್ತಾಳೆ. ಮಧ್ಯಾಹ್ನದೊಳಗೆ ಮೀನು ಮೆತ್ತಗಾಗುತ್ತದೆ, ಕೊಳ್ಳುವವರು ಮೂಗು ಮುರಿದು ಒಳಗೆ ಬರುತ್ತಾರೆ.

"ನೀ ಬಂದು ಬುಟ್ಟಿ ಎತ್ತು ಮಗಾ. ಇಲ್ಲಾ ಅಂದ್ರೆ ನೀನೇ ಬಂದು ಕೂಡು. ನಾವು ಎತ್ತೂ ಹಂಗಿಲ್ಲ."

ಮುಂದಿನ ವಾರ ಬರುತ್ತೇನೆ ಅಂದೆ. ಆ ಮುಂದಿನ ವಾರ ನಾಲ್ಕು ತಿಂಗಳು ಬರಲಿಲ್ಲ. ಆಯಿ ಈಗಲೂ ಬೆಳಿಗ್ಗೆ ಬೇಗ ಏಳುತ್ತಿದ್ದಳು. ಎದ್ದು ಎಡಗೈಯಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದಳು, ಪೇಟೆಗೆ ಹೊರಟವರ ಹಾಗೆ. ಅವಳು ಮತ್ತೆ ಮೂರನೇ ಕಂಬಕ್ಕೆ ಹೋಗುವುದಿಲ್ಲ ಅಂತ ವೈದ್ಯರು ಹೇಳಿದ್ದರು, ನನಗೂ ಗೊತ್ತಿತ್ತು. ಅವಳಿಗೆ ಗೊತ್ತಿತ್ತೋ ಇಲ್ಲವೋ. ಬುಟ್ಟಿ ಎತ್ತಿದರೆ ಅದನ್ನು ಅವಳಿಗೆ ನಾನೇ ಹೇಳಿದ ಹಾಗೆ ಆಗುತ್ತಿತ್ತು. ಒಮ್ಮೆ ಅವಳ ಪಾಳಿ ತಪ್ಪಿಸಿದವಳು, ಈಗ ಜಾಗವನ್ನೂ ಕಿತ್ತುಕೊಳ್ಳಲೇ?

ಅಷ್ಟರಲ್ಲಿ ಬಿಸಿಲು ಏರಿತು. ಒಂದು ಶನಿವಾರ ಪೇಟೆಯ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗ ಆ ಮಾವಳ್ಳಿಯ ಹೆಣ್ಣನ್ನು ಕಂಡೆ. ಗೋಣಿಚೀಲದ ತುಂಡನ್ನು ತಲೆಯ ಮೇಲೆ ಹಾಕಿಕೊಂಡು, ಇನ್ನೊಂದು ತುಂಡನ್ನು ಮೀನಿನ ಮೇಲೆ ಹೊದಿಸಿ ನೀರು ಚಿಮುಕಿಸುತ್ತಿದ್ದಳು. ಒಳಗೆ ಮೂರನೇ ಕಂಬದ ಬುಡದಲ್ಲಿ ನೆರಳಿತ್ತು. ನಾನು ಮತ್ತೆ ಅದನ್ನೇ ಮಾಡುತ್ತಿದ್ದೆ.

ಮರುದಿನ ರಿಕ್ಷಾ ಮಾಡಿಕೊಂಡು ಆಯಿಯನ್ನು ಪೇಟೆಗೆ ಕರೆದೊಯ್ದೆ. ಎಲ್ಲಿಗೆ ಅಂತ ಹೇಳಿಯೇ ಕರೆದೊಯ್ದೆ, ಮೋಸ ಮಾಡಲಿಲ್ಲ. ಹೆಂಗಸರೆಲ್ಲ ಎದ್ದು ಬಂದರು. ಇಬ್ಬರು ಹಿಡಿದು ಅವಳನ್ನು ಅವಳ ಜಾಗದ ಪಕ್ಕ ಒಂದು ಕುರ್ಚಿಯಲ್ಲಿ ಕೂರಿಸಿದರು. ಮಾವಳ್ಳಿಯ ಹೆಣ್ಣನ್ನು ಚಿಕ್ಕಿ ಒಳಗೆ ಕರೆದಳು. ಅವಳು ಮೀನಿನ ಟಬ್ಬನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಂದು ನಿಂತಳು, ಇಳಿಸಲಿಲ್ಲ. ನಾನು ಬಗ್ಗಿ ಬುಟ್ಟಿಗೆ ಕೈ ಹಾಕಿದೆ.

ಆಯಿ ಎಡಗೈ ಚಾಚಿ ಬುಟ್ಟಿಯ ಮೇಲಿಟ್ಟು ಒತ್ತಿದಳು. ಆ ಕೈಯಲ್ಲಿ ಅಷ್ಟು ಶಕ್ತಿ ಇದೆ ಅಂತ ನನಗೆ ತಿಳಿದಿರಲಿಲ್ಲ. ಪಕ್ಕದ ಸಾಲಿನಲ್ಲಿ ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿದಳು.

"ಬೇಡ ಬಿಡಿ," ಅಂದಳು ಮಾವಳ್ಳಿಯ ಹೆಣ್ಣು. "ಅತ್ತೆಮ್ಮಂಗೆ ಇಷ್ಟ ಇಲ್ಲ. ನಾ ಅಲ್ಲೇ ಕೂತ್ಕಂತೆ." ಅವಳು ತಿರುಗಿದಾಗ ಟಬ್ಬಿನ ಅಂಚಿನಿಂದ ಕರಗಿದ ಐಸಿನ ನೀರು ಅವಳ ಸೀರೆಯ ಮೇಲೆ ಇಳಿಯಿತು.

ಆಯಿ ಆ ನೀರನ್ನು ನೋಡಿದಳು. ನಲವತ್ತು ವರ್ಷ ಮೀನು ಮಾರಿದವಳಿಗೆ ಐಸ್ ಕರಗಿದ್ದು ಕಂಡರೆ ಉಳಿದದ್ದೆಲ್ಲ ತಿಳಿಯುತ್ತದೆ. ಕೈ ಎತ್ತಿದಳು. ಆ ಹೆಣ್ಣಿನ ಕಡೆ ಗಲ್ಲ ಎತ್ತಿ, "ಪಾಳಿ," ಅಂದಳು.

ನಾನು ಬುಟ್ಟಿ ಎತ್ತಿದೆ. ಕೆಳಗೆ ಮೆಟ್ಟುಕತ್ತಿ ಇತ್ತು, ತುಕ್ಕು ಹಿಡಿದು. ಅದರ ಅಲಗಿಗೆ ಅಂದಿನ ಬಂಗಡೆಯ ಹುರುಪೆ ಇನ್ನೂ ಅಂಟಿಕೊಂಡಿತ್ತು. ಚಿಕ್ಕಿ ನೀರು ಸುರಿದು ಜಾಗ ತೊಳೆದಳು. ಮಾವಳ್ಳಿಯ ಹೆಣ್ಣು ಆಯಿಯ ಕಾಲು ಮುಟ್ಟಿ, ಟಬ್ಬು ಇಳಿಸಿ ಕೂತಳು. ನಾವು ಹೊರಡುವ ಮೊದಲೇ ಒಬ್ಬ ಗಿರಾಕಿ ಬಂದು, ಮೇಲೆ ನೋಡದೆ, ತಾರ್ಲೆ ಹೇಗೆ ಅಂತ ಅವಳನ್ನು ಕೇಳಿದ.

ರಿಕ್ಷಾದಲ್ಲಿ ಆಯಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ದಾರಿಯಲ್ಲಿ ನೀರು ಬೇಕಾ ಅಂತ ಕೇಳಿದೆ. ತಲೆ ಆಡಿಸಿದಳು, ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಊಟಕ್ಕೆ ಕರೆದಾಗಲೂ ಕೈ ಮಾತ್ರ ತೋರಿಸಿದಳು. ದಣಿದಿದ್ದಾಳೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಅವಳು ಬೇಗ ಏಳಲಿಲ್ಲ, ಸೆರಗು ಸಿಕ್ಕಿಸಿಕೊಳ್ಳಲಿಲ್ಲ.

ಅವಳಲ್ಲಿ ಉಳಿದಿದ್ದ ಒಂದೇ ಶಬ್ದವನ್ನು ಆಯಿ ಆ ಹೆಣ್ಣಿಗೆ ಕೊಟ್ಟು ಬಂದಿದ್ದಳು. ಅಂದಿನಿಂದ ಅದನ್ನೂ ಅವಳು ಹೇಳಿಲ್ಲ.